ಇಪ್ಪತ್ತೊಂಬತ್ತು ಅಂಕಿಗಳ ತಾಳೆ



ಚಾವುಂಡರಾಯನ ಗುರುಗಳಾದ ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು 10ನೆಯ ಶತಮಾನದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆ ಉಕ್ತವಾಗಿದೆ. ಅದು 29 ಸ್ಥಾನಗಳ ಸಂಖ್ಯೆ: 79228162514264337593543950336. ಇದನ್ನು ಇಂದಿನ ಜನಗಣತಿಯೊಡನೆ ಹೋಲಿಸಿ ನಗುವವರುಂಟು. ಶಾಸ್ತ್ರದ ಮಾತು ಎರಡೂವರೆ ದ್ವೀಪಗಳ ಸಮಸ್ತ ಮನುಷ್ಯಕ್ಷೇತ್ರಕ್ಕೆ ಸಂಬಂಧಿಸಿದ್ದು. ಆ ಚರ್ಚೆ ವಿದ್ವಾಂಸರಿಗಿರಲಿ. ಮನಗೂಳಿಯಂತಹ ಜೋಳದ ಸೀಮೆಯಲ್ಲಿ ಕಿರ್ದಿ, ಖಾತೆ ಬರೆದು ಬಾಳಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ. ಸಾವಿರ ವರ್ಷ ಓಲೆಯಿಂದ ಓಲೆಗೆ ನಕಲಾದ ಇಷ್ಟುದ್ದದ ಅಂಕಿಯಲ್ಲಿ ತಪ್ಪು ನುಸುಳಿಲ್ಲವೆಂದು ತಿಳಿಯುವುದೆಂತು?

ಆಚಾರ್ಯರು ಅಂಕಿಗಳನ್ನು ಗಾಥೆಯಲ್ಲಿ ಅಕ್ಷರಗಳಾಗಿ ಪೋಣಿಸಿದ್ದಾರೆ. ಮೊದಲ ಅಕ್ಷರವಾದ ತಕಾರಕ್ಕೆ 6, ಕೊನೆಯ ಸಕಾರಕ್ಕೆ 7; ಬಲದಿಂದ ಎಡಕ್ಕೆ ಓದಬೇಕು. ಕಂಠಪಾಠಕ್ಕೆ ಇದು ಅನುಕೂಲ. ಆದರೆ ಒಂದಕ್ಷರ ಜಾರಿದರೆ ಲೆಕ್ಕವೇ ಕೆಟ್ಟಿತು.

ನಿಜವಾದ ಕಾವಲು ಸಂಖ್ಯೆಯ ಹುಟ್ಟಿನಲ್ಲಿದೆ. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, ಬಳಿಕ 65536. ಇದಕ್ಕೆ ಪಣ್ಣಟ್ಠಿಯೆಂದು ಹೆಸರು. ಐದನೆಯ ವರ್ಗ 4294967296, ಅಂದರೆ ಬಾದಾಲ. ಆರನೆಯದು ಏಕಟ್ಠಿ, 18446744073709551616. (ಚದುರಂಗದ ಮನೆಮನೆಗೂ ಕಾಳು ಇಮ್ಮಡಿಸಿದ ಕಥೆಯ ಒಟ್ಟು ಮೊತ್ತ ಇದಕ್ಕಿಂತ ಒಂದೇ ಕಾಳು ಕಡಿಮೆ!) ಬಾದಾಲದ ಘನವೇ ಮನುಷ್ಯಸಂಖ್ಯೆ, ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೂ ಅದೇ.

ಆದುದರಿಂದ ಅದನ್ನು ಅರ್ಧಿಸುತ್ತ ಹೋಗಬಹುದು. 32 ಬಾರಿ ಅರ್ಧಿಸಿದರೆ ಏಕಟ್ಠಿ, ಮತ್ತೆ 32 ಬಾರಿಗೆ ಬಾದಾಲ, 16 ಬಾರಿಗೆ ಪಣ್ಣಟ್ಠಿ, ಮತ್ತೂ 16 ಬಾರಿಗೆ ಒಂದು. ಒಟ್ಟು 96. ಇದಕ್ಕೆ ಅರ್ಧಚ್ಛೇದವೆಂದು ಹೆಸರು. 9ನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಇದರ ನಿಯಮಗಳಿವೆ: ಎರಡು ರಾಶಿಗಳನ್ನು ಗುಣಿಸಿದರೆ ಅರ್ಧಚ್ಛೇದಗಳು ಕೂಡುತ್ತವೆ. 32ಕ್ಕೆ 64 ಕೂಡಿ 96 ಆದದ್ದು ಹೀಗೆ. ಯುರೋಪಿನಲ್ಲಿ ನೇಪಿಯರನ ಲಾಗರಿದಮ್ ಪ್ರಕಟವಾದದ್ದು 1614ರಲ್ಲಿ. ಧವಲಾ ಟೀಕೆಯನ್ನು ಹಳೆಗನ್ನಡ ಲಿಪಿಯ ಓಲೆಗಳಲ್ಲಿ ಕಾಪಾಡಿದ್ದು ಮೂಡುಬಿದಿರೆ.

ಅಂಕಿಗಳನ್ನು ಕೂಡಿಸಿ ತಾಳೆ ನೋಡುವ ಹಳೆಯ ಕ್ರಮವೂ ಇದೆ. ಈ 29 ಅಂಕಿಗಳ ಮೊತ್ತ 127, ಅದರ ಅಂಕಿಗಳ ಮೊತ್ತ 10, ಕಡೆಗೆ 1. ಬಾದಾಲಕ್ಕೆ 4, ಏಕಟ್ಠಿಗೆ 7. ಗುಣಿಸಿದರೆ 28, ಮತ್ತೆ 10, ಮತ್ತೆ 1. ತಾಳೆಯಾಯಿತು. ಆದರೆ ಗುಮಾಸ್ತರ ಸಾಮಾನ್ಯ ತಪ್ಪಾದ ಅಂಕಿಗಳ ಅದಲುಬದಲು ಈ ಜರಡಿಯಲ್ಲಿ ನಿಲ್ಲದು. ಕೊನೆಯ 36ನ್ನು 63 ಎಂದು ಬರೆದರೂ ಮೊತ್ತ 127ೇ. ಅರ್ಧಿಸಹೊರಟರೆ ಮಾತ್ರ ಮೊದಲ ಹೆಜ್ಜೆಯಲ್ಲೇ ಬೆಸಸಂಖ್ಯೆ ಅಡ್ಡ ನಿಲ್ಲುತ್ತದೆ. ನಡುವಿನ ಯಾವುದೇ ಒಂದಂಕಿ ಕೆಟ್ಟಿದ್ದರೂ ಒಂದನ್ನು ಮುಟ್ಟುವ ಮೊದಲು ಎಲ್ಲಿಯೋ ಬೆಸ ಬಂದೇ ಬರುತ್ತದೆ.

ಕೇಶವವರ್ಣಿಯು 1359ರಲ್ಲಿ ಗೊಮ್ಮಟಸಾರಕ್ಕೆ ಕನ್ನಡದಲ್ಲೇ ವೃತ್ತಿ ಬರೆದನು. ಪಾಠಶಾಲೆಯ ಮಕ್ಕಳಿಗೆ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವವರು ಒಂದು ದಿನ ಪಾಟಿ ಬಳಪ ಕೊಟ್ಟು ಅರ್ಧಿಸಲು ಹಚ್ಚಲಿ. 96 ಸಾಲುಗಳು ಬೇಕು. ಒಂದು ಮಧ್ಯಾಹ್ನ ಸಾಕು.