ಹೊರನಾಡಿನ ಸೇವೆ, ಮನೆಯ ಮಾತು

(ಸೀವುಡ್ಸ್‌ನಲ್ಲಿ ನಡೆದ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಲು ನನಗಿರುವ ಯೋಗ್ಯತೆ ಅತ್ಯಲ್ಪ. ನಾನು ಸಾಹಿತಿಯಲ್ಲ, ವೈದ್ಯನಂತೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವ ಗುಮಾಸ್ತ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. ಅದಕ್ಕೊಂದು ಕಾರಣವುಂಟು. ನಮ್ಮ ಸಂಘದ ಒಬ್ಬ ತರುಣಿ ಫಿಸಿಯೋಥೆರಪಿ ಓದಿ ಮುಗಿಸಿದ್ದಾಳೆ. ಬರುವ ವರ್ಷ ಆಫ್ರಿಕದ ಒಂದು ಊರಿಗೆ ಹೋಗಿ, ಅಂಗವೈಕಲ್ಯವುಳ್ಳ ಮಕ್ಕಳ ನಡುವೆ ಕೆಲವು ವಾರ ಸಂಬಳವಿಲ್ಲದೆ ದುಡಿಯಬೇಕೆಂದು ಅವಳ ಮನಸ್ಸು. “ಅಂಥ ಮಗುವಿನ ತಂದೆ ನೀವು, ಹೊರಟವಳಿಗೆ ನಾಲ್ಕು ಮಾತು ಹೇಳಿ” ಎಂದು ಕೇಳಿದಳು. ಈ ಭಾಷಣ ಅವಳಿಗೆ ಕೊಡುವ ಉತ್ತರ. ತಮ್ಮೆಲ್ಲರಿಗೂ ಸಂಬಂಧಪಟ್ಟದ್ದೆಂದು ತಿಳಿದು ಎಲ್ಲರೆದುರು ಅರಿಕೆ ಮಾಡುತ್ತಿದ್ದೇನೆ.

ಹೊರನಾಡಿನಿಂದ ಬಂದವರ ಸೇವೆಗೆ ನಮ್ಮ ಮುಂಬಯಿ ಬಹಳ ಋಣಿಯಾಗಿದೆ. ಅಮೆರಿಕದಲ್ಲಿ ಹುಟ್ಟಿದ ಎಲಿಜಬೆತ್ ಲಂಡಿ ಎಂಬಾಕೆ 1930ರಲ್ಲಿ ವಿಷ್ಣು ನಿಂಬಕರರನ್ನು ಮದುವೆಯಾಗಿ ಕಮಲಾ ನಿಂಬಕರ್ ಎಂಬ ಹೆಸರಿನಿಂದ ಈ ನಾಡಿನವರೇ ಆದರು. ಮುಂದೆ ಅಮೆರಿಕಕ್ಕೆ ಹೋಗಿ ಆಕ್ಯುಪೇಶನಲ್ ಥೆರಪಿಯನ್ನು, ಎಂದರೆ ಉಣ್ಣುವುದು, ಉಡುವುದು, ಬರೆಯುವುದು ಮೊದಲಾದ ದಿನನಿತ್ಯದ ಕೆಲಸಗಳನ್ನು ಸಾಧ್ಯವಾಗಿಸುವ ಚಿಕಿತ್ಸೆಯನ್ನು ಕಲಿತು ಬಂದರು. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆಯನ್ನು ತೆರೆದರು; ಭಾರತದಲ್ಲಿ ಅದೇ ಮೊದಲನೆಯದು. 1952ರಲ್ಲಿ ಈ ವೃತ್ತಿಯವರ ಜಾಗತಿಕ ಒಕ್ಕೂಟ ಹುಟ್ಟಿದಾಗ, ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು. 1979ರಲ್ಲಿ ಆಕೆ ತೀರಿಕೊಂಡರು. ಆದರೆ ಅವರು ಹಚ್ಚಿದ ದೀಪದಿಂದ ಹೊತ್ತಿಕೊಂಡ ದೀಪಗಳು ದೇಶದ ಉದ್ದಗಲಕ್ಕೂ ಇವೆ. ಗಮನಿಸಬೇಕಾದುದು ಇಷ್ಟೇ: ಆಕೆ ಚಿಕಿತ್ಸೆಯನ್ನಷ್ಟೇ ಕೊಡಲಿಲ್ಲ, ಕೊಡಬಲ್ಲವರನ್ನು ತಯಾರು ಮಾಡಿದರು.

ಹಾಗೆಯೇ ಇಲ್ಲಿಂದ ಹೋಗಿ ಕಲಿತು ಬಂದವರೂ ಉಂಟು. ಮಗಳು ಮಾಲಿನಿಗೆ ಸೆರೆಬ್ರಲ್ ಪಾಲ್ಸಿ ಇದ್ದುದರಿಂದ ಮಿಥು ಆಳೂರರು ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದು, 1972ರಲ್ಲಿ ಕೊಲಾಬದಲ್ಲಿ ಮೂರೇ ಮಕ್ಕಳಿಂದ ವಿಶೇಷ ಶಾಲೆಯನ್ನು ಆರಂಭಿಸಿದರು.

ಇನ್ನು ನನ್ನ ಮನೆಯ ಸಂಗತಿ. ನನ್ನ ಮಗನಿಗೂ ಅದೇ ಸೆರೆಬ್ರಲ್ ಪಾಲ್ಸಿ. ಈಗ ಒಂಬತ್ತು ವರ್ಷ. ಬೆಳೆಯುತ್ತಿರುವ ಮೆದುಳಿಗೆ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಶೈಶವದಲ್ಲೋ ಪೆಟ್ಟಾಗಿ, ಸ್ನಾಯುಗಳು ಹೇಳಿದಂತೆ ಕೇಳದ ಸ್ಥಿತಿ ಅದು. ಆ ಪೆಟ್ಟು ಮಾಯುವಂಥದಲ್ಲ, ಹೆಚ್ಚುವಂಥದೂ ಅಲ್ಲ. ಇರುವ ಶಕ್ತಿಯನ್ನು ದಿನದಿನದ ಅಭ್ಯಾಸದಿಂದ ಬೆಳೆಸಿಕೊಳ್ಳಬೇಕು.

ಮೂರನೆಯ ವರ್ಷಕ್ಕೆ ಅವನನ್ನು ಒಂದು ಖಾಸಗಿ ಕೇಂದ್ರಕ್ಕೆ ಕರೆದೊಯ್ಯತೊಡಗಿದೆವು. ಅಲ್ಲಿಗೆ ಯುರೋಪಿನಿಂದ ಒಬ್ಬ ತರುಣಿ ನಾಲ್ಕು ವಾರದ ಸೇವೆಗೆಂದು ಬಂದಳು. ಬಣ್ಣದ ದೊಡ್ಡ ಚೆಂಡಿನ ಮೇಲೆ ಅವನನ್ನು ಮಲಗಿಸಿ ಆಡಿಸುವಳು. ಅವನು ಕೇಕೆ ಹಾಕಿ ನಗುವನು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ನಾವು ಹೊರಗಿನ ಬೆಂಚಿನ ಮೇಲಿರುತ್ತಿದ್ದೆವು. ಅವಳು ಹೊರಟುಹೋದ ಮೇಲೆ ಎಷ್ಟೋ ದಿನ ಮಗು ಆ ಬಾಗಿಲನ್ನೇ ನೋಡುತ್ತಿತ್ತು. ಅವಳು ಏನು ಮಾಡಿಸುತ್ತಿದ್ದಳೆಂಬುದು ನಮಗಾರಿಗೂ ತಿಳಿಯದು. ಅವಳೊಂದಿಗೆ ವಿದ್ಯೆಯೂ ವಿಮಾನ ಹತ್ತಿತು.

ಅದೇ ಕಾಲಕ್ಕೆ ಕೇಂದ್ರದವರು ಇನ್ನೊಂದು ಸಲಹೆ ಕೊಟ್ಟರು: ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ, ಎರಡು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆ. ನಾವು ಒಪ್ಪಿದೆವು. ನಾನೂ ಮನೆಯವಳೂ ಬೆಳಿಗ್ಗೆ ಹಾರ್ಬರ್ ಮಾರ್ಗದ ಗಾಡಿ ಹಿಡಿದು ಕೆಲಸಕ್ಕೆ ಹೋದರೆ, ದಿನವಿಡೀ ಮಗುವಿನ ಜೊತೆಗಿರುವವಳು ಧಾರವಾಡದಿಂದ ಬಂದ ನನ್ನ ತಾಯಿ. ಆಕೆಗೆ ಬರುವುದು ಕನ್ನಡವೊಂದೇ. ಮೊಮ್ಮಗನಿಗೆ ಕೇಡಾದೀತೆಂದು ಹೆದರಿ ಆಕೆ ಅವನೊಡನೆ ಮಾತನ್ನೇ ನಿಲ್ಲಿಸಿದಳು. ಬಾಯಿ ಬಿಗಿದುಕೊಂಡು ಉಣಿಸುವಳು, ಬಾಯಿ ಬಿಗಿದುಕೊಂಡು ಮಲಗಿಸುವಳು. ಹೀಗೆ ಎರಡು ವರ್ಷ! ಪೈಸೆ ತಪ್ಪಿದರೆ ರಾತ್ರಿಯವರೆಗೆ ಕುಳಿತು ಹುಡುಕುವ ನನಗೆ ಈ ನಷ್ಟ ಕಾಣಲಿಲ್ಲ. ಸಲಹೆ ಕೊಟ್ಟವರ ತಪ್ಪಿಗಿಂತ, ಪ್ರಶ್ನೆ ಕೇಳದೆ ತಲೆಯಾಡಿಸಿದ ನನ್ನ ತಪ್ಪು ದೊಡ್ಡದು.

ಆಮೇಲೆ ಅದೇ ಕೇಂದ್ರಕ್ಕೆ ಇಂಗ್ಲೆಂಡಿನಿಂದ ಒಬ್ಬ ವಯಸ್ಸಾದ ಥೆರಪಿಸ್ಟ್ ಬಂದರು. ಅವರೂ ಬಂದದ್ದು ನಾಲ್ಕೇ ವಾರಕ್ಕೆ. ಮಗುವನ್ನು ಮುಟ್ಟುವ ಮೊದಲು ಅವರು ಕೇಳಿದ್ದು ಹೀಗೆ: “ಇವನಿಗೆ ಉಣಿಸುವವರು ಯಾರು?” ನನ್ನ ತಾಯಿಯನ್ನು ಒಳಗೆ ಕರೆದು ಚಾಪೆಯ ಮೇಲೆ ಕೂಡಿಸಿದರು. ತಾಯಿ ಅವನನ್ನು ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಉಣಿಸುತ್ತಿದ್ದಳು; ಹಾಗೆ ಮಾಡಿದರೆ ಅನ್ನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂದು ತೋರಿಸಿಕೊಟ್ಟರು. ನೆಟ್ಟಗೆ ಕೂಡಿಸಿ, ಕಾಲಿಗೆ ಆಸರೆ ಕೊಟ್ಟು, ತಲೆ ತುಸು ಮುಂದಕ್ಕಿರುವಂತೆ ಎದುರಿನಿಂದ ಉಣಿಸುವುದನ್ನು ಕೈಹಿಡಿದು ಕಲಿಸಿದರು. ಅವರ ಬಳಿ ನ್ಯಾನ್ಸಿ ಫಿನ್ನಿ ಎಂಬಾಕೆ ತಂದೆತಾಯಂದಿರಿಗಾಗಿ 1968ರಲ್ಲಿ ಬರೆದ ಪುಸ್ತಕವಿತ್ತು. ಇಂಥ ಮಗುವನ್ನು ಮನೆಯಲ್ಲಿ ಎತ್ತುವ, ಮೀಯಿಸುವ, ಉಣಿಸುವ ಕ್ರಮವೆಲ್ಲ ಅದರಲ್ಲಿ ಚಿತ್ರಗಳೊಡನೆ ಇದೆ. ಇಂಗ್ಲಿಷ್ ಬಾರದ ನನ್ನ ತಾಯಿ ಚಿತ್ರ ನೋಡಿಯೇ ಅರ್ಥ ಮಾಡಿಕೊಂಡಳು.

ಒಂದು ದಿನ ಅವರು, “ಅಜ್ಜಿ ಏಕೆ ಮಾತಾಡುವುದಿಲ್ಲ?” ಎಂದರು. ಕಾರಣ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಿಯ ಭಾಷೆಯೇ ಈ ಮಗುವಿನ ಔಷಧ, ಅದನ್ನೇ ನಿಲ್ಲಿಸಿಬಿಟ್ಟಿರಾ?” ಎಂದರು. ಅದು ಬರಿಯ ಭಾವನೆಯ ಮಾತಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆಗಳಲ್ಲಿ ಬೆಳೆದರೂ, ಒಂದೇ ಭಾಷೆಯಲ್ಲಿ ಬೆಳೆದ ಅಂಥ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲವೆಂದು ಕೆನಡದ ಸಂಶೋಧಕರು 2005ರಲ್ಲಿಯೇ ಪ್ರಕಟಿಸಿದ್ದರು.

ಅಂದಿನ ರಾತ್ರಿ ನನ್ನ ತಾಯಿ ತುತ್ತು ಹಿಡಿದು, “ಬಾರೋ ನನ್ನಪ್ಪಾ, ಆ ಅನ್ನು” ಎಂದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಇಂಗ್ಲಿಷ್ ಹೆಂಗಸು ಏಳು, ಕೂಡು, ಹಿಡಿ ಎಂಬ ಮೂರು ಕನ್ನಡ ಮಾತು ಕಲಿತು, ನಾಲ್ಕು ವಾರ ಮುಗಿದೊಡನೆ ಹೊರಟುಹೋದರು. ಈ ಸಲ ಮಗು ಬಾಗಿಲು ನೋಡಲಿಲ್ಲ. ಕಲಿಸುವವಳು ಮನೆಯಲ್ಲೇ ಇದ್ದಳಲ್ಲ! ಪವಾಡವೇನೂ ನಡೆಯಲಿಲ್ಲ. ಅವನು ಇಂದಿಗೂ ನಡೆಯಲಾರ. ಆದರೆ ಆಸರೆಯಿಟ್ಟರೆ ಕೂಡುತ್ತಾನೆ, ಚಮಚ ಹಿಡಿಯುತ್ತಾನೆ, ಸ್ಪಷ್ಟವಾಗಿ ಒಂದು ಮಾತು ಆಡುತ್ತಾನೆ. ಆ ಮಾತು “ಅಜ್ಜಿ.”

ಆದುದರಿಂದ, ತಂಗಿ, ನೀನು ಧಾರಾಳವಾಗಿ ಹೋಗು. ಹೋದಲ್ಲಿ ಮೊದಲು ಆ ಊರಿನ ಹತ್ತು ಮಾತು ಕಲಿ. ಬಾಗಿಲು ತೆರೆದಿಟ್ಟು ತಾಯಂದಿರನ್ನು ಒಳಗೆ ಕರೆ. ನಿನ್ನ ಕೈ ಮಾಡುವುದನ್ನು ಅವರ ಕೈ ಮಾಡುವವರೆಗೆ ಬಿಡಬೇಡ. ಹೊರಡುವ ದಿನವನ್ನು ಮೊದಲೇ ತಿಳಿಸಿ, ನಿನ್ನ ಹಿಂದೆ ಯಾರು ಮುಂದುವರಿಸುವರೆಂದು ಕೇಳು. ನೀನು ಅಲ್ಲಿಂದ ಬಂದ ಮೇಲೆ ಏನು ಉಳಿಯಿತೋ ಅದೇ ನಿನ್ನ ಸೇವೆಯ ನಿಜವಾದ ಶಿಲ್ಕು.

ಇಲ್ಲಿ ನೆರೆದ ತಂದೆತಾಯಂದಿರಲ್ಲಿಯೂ ಒಂದು ವಿನಂತಿ. ಇಂಥ ಮಕ್ಕಳನ್ನು ಮನೆಯೊಳಗೆ ಮರೆಮಾಡಬೇಡಿ. ನವಿ ಮುಂಬಯಿ ಮಹಾನಗರಪಾಲಿಕೆಯು ಅಂಗವಿಕಲರ ಶಿಕ್ಷಣ-ತರಬೇತಿಗಾಗಿ 2007ರಲ್ಲಿ ಆರಂಭಿಸಿದ ಕೇಂದ್ರ ಹತ್ತಿರದ ವಾಶಿಯಲ್ಲೇ ಇದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಯವರು ದೂರದಲ್ಲಿರುವವರಿಗೆ ತೆರೆಯ ಮೂಲಕವೂ ಚಿಕಿತ್ಸೆ ನೀಡುತ್ತಾರೆ. ಯಾರಾದರೂ ಕನ್ನಡ ಬಿಡಿರೆಂದರೆ, ನನ್ನಂತೆ ತಲೆಯಾಡಿಸದೆ, ಏಕೆಂದು ಕೇಳಿರಿ.

ರಾಜ್ಯೋತ್ಸವದ ದಿನ ಕನ್ನಡ ಉಳಿಯಲೆಂದು ನಾವೆಲ್ಲ ದೊಡ್ಡ ದನಿಯಲ್ಲಿ ಹೇಳುತ್ತೇವೆ. ಅದು ಉಳಿಯುವ ಸ್ಥಳ ಈ ಸಭಾಭವನವಷ್ಟೇ ಅಲ್ಲ. ತುತ್ತು ಹಿಡಿದ ಒಬ್ಬ ಮುದುಕಿಗೂ ಬಾಯಿ ತೆರೆದ ಒಂದು ಮಗುವಿಗೂ ನಡುವೆ ಇರುವ ಗೇಣು ಜಾಗವೂ ಹೌದು.