ಗಂಜಿ ಮೆತ್ತಗಿದೆ, ಆದ್ರೆ ಅಷ್ಟೇ ಸಾಕಾ?

ಇವತ್ತು ತೂಕ ಇಳಿಸುವ ಸರ್ಜರಿ ನಂತರದ ಊಟದ ಬಗ್ಗೆ ಮಾತಾಡುವ. ನಮ್ಮ ಕಾಪು ಕಡೆ ಯಾರಿಗೆ ಹುಷಾರಿಲ್ಲ ಅಂದ್ರೂ ಮೊದಲು ಬರುವುದು ಕುಚ್ಚಲಕ್ಕಿ ಗಂಜಿ. ನನ್ನ ಚಿಕ್ಕಮ್ಮನಿಗೆ ಸ್ಲೀವ್ ಸರ್ಜರಿ ಆದಾಗಲೂ ಅಷ್ಟೇ. "ಇಷ್ಟೇನಾ ತಿನ್ನುವುದು? ಇನ್ನೊಂದು ಸೌಟು ಹಾಕ್ತೇನೆ" ಅಂತ ಎಲ್ಲರ ಒತ್ತಾಯ.

ನಾನು ಕಾಮರ್ಸ್ ಓದಿದವ, ಲೆಕ್ಕ ಹೇಳ್ತೇನೆ. ಈ ಸರ್ಜರಿಯಲ್ಲಿ ಜಠರದ ಶೇಕಡಾ 75–80ರಷ್ಟು ಭಾಗ ತೆಗೀತಾರೆ. ಮೊದಲು ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗಿನ ಆಹಾರ. ಆಗ ಒಂದು ಹೊತ್ತಿಗೆ ಹಿಡಿಸುವುದು ಕೆಲವೇ ಚಮಚ. ಆದ್ರೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಆ ಸಣ್ಣ ಜಾಗವನ್ನು ಗಂಜಿಯೇ ತುಂಬಿಸಿದ್ರೆ ಪ್ರೋಟೀನಿಗೆ ಜಾಗ ಎಲ್ಲುಂಟು? ಸ್ನಾಯು ಕರಗಬಹುದು, ಕೂದಲು ಉದುರಬಹುದು.

ಹಾಗಾಗಿ ಮೆತ್ತಗಿನ ಆಹಾರದ ಹಂತದಲ್ಲಿ ಮೊದಲು ಮೊಟ್ಟೆ, ಮುಳ್ಳು ತೆಗೆದ ಕಾಣೆ ಮೀನು, ಇಲ್ಲಾಂದ್ರೆ ಪನೀರ್, ಮೊಸರು, ಬೆಂದ ಹೆಸರುಬೇಳೆ. ಜಾಗ ಉಳಿದ್ರೆ ಗಂಜಿ. ಸಣ್ಣ ಬಟ್ಟಲು, ಚಿಕ್ಕ ಚಮಚ, 20–30 ನಿಮಿಷ. ಊಟದ ಜೊತೆ ನೀರು ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡೀರಿ. ಹೊಟ್ಟೆ ತುಂಬಿದ ಮೇಲಿನ ಒಂದೇ ಚಮಚವೂ ವಾಂತಿ ತರಬಹುದು. ವಾಂತಿ ನಿಲ್ಲದಿದ್ರೆ ಮನೆಮದ್ದು ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಬಡಿಸುವವರಿಗೆ ಒಂದು ಮಾತು: ಅವರು ಸಾಕು ಅಂದ್ರೆ ಸಾಕು. ಸೌಟು ಕೆಳಗಿಡಿ.