ಕಲಿತದ್ದು ಗೊತ್ತಾಗುವುದು ಕಲಿಸಿದಾಗ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಭಾಷಣ ಮಾಡುವವರಲ್ಲ, ಹೊಲದಲ್ಲಿ ದುಡಿಯುವವರು. ಈ ಸಂಘದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ ಹೇಳಿ ಕೂತುಬಿಡ್ತೀವಿ.

ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದವರು ಬಡ್ಡಿ ಕಟ್ಟಬೇಕಿಲ್ಲ, ಅದನ್ನು ಸರ್ಕಾರ ಹೊರುತ್ತದೆ. ಇದರ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ನಾವು ನಿರ್ದೇಶಕರು ಬೋರ್ಡಿಗೆ ನೋಟೀಸು ಹಚ್ಚಿದೆವು, ಕೆಲಸ ಮುಗೀತು ಅಂದುಕೊಂಡೆವು. ಆದರೂ ಹಲವರು ಗಡುವು ತಪ್ಪಿಸಿ ಬಡ್ಡಿ ಕಟ್ಟಿದರು.

ಊರಿನ ಒಬ್ಬ ಕಾಲೇಜು ಹುಡುಗನಿಗೆ, "ತಮ್ಮಾ, ನೀನು ಬಿ.ಕಾಂ. ಓದ್ತಿ, ಒಂದಿಷ್ಟು ತಿಳಿಸಿ ಹೇಳು" ಎಂದೆವು. ಹುಡುಗ ಎದ್ದು ನಿಂತು, "ಅವಧಿ ಮೀರಿದ ಬಾಕಿ, ಬಡ್ಡಿ ಸಹಾಯಧನ" ಎಂದು ಪುಸ್ತಕದಂತೆ ಹೇಳಿದ. ಒಬ್ಬ ಅಜ್ಜ, "ಚೊಲೋ ಹೇಳ್ದಿ ಯಪ್ಪಾ, ಆದ್ರ ನನಗೇನೂ ತಿಳೀಲಿಲ್ಲ" ಅಂದ. ಹುಡುಗನ ಮುಖ ಸಣ್ಣದಾಯಿತು.

ಮರುವಾರ ಅವನೇ ಒಂದು ಚೀಲದಲ್ಲಿ ಜೋಳ ತಂದ. ನೆಲದ ಮೇಲೆ ಒಂದು ದೊಡ್ಡ ರಾಶಿ, ಒಂದು ಸಣ್ಣ ರಾಶಿ ಹಾಕಿದ. "ಅಜ್ಜಾ, ದೊಡ್ಡದು ನೀ ತಗೊಂಡ ಸಾಲ. ಸಣ್ಣದು ಬಡ್ಡಿ. ಗಡುವಿನೊಳಗ ದೊಡ್ಡದನ್ನ ತಂದು ಕೊಟ್ರ ಸಣ್ಣದನ್ನ ಸರ್ಕಾರ ಹೊರತೈತಿ. ದಿನ ತಪ್ಪಿತೋ, ಅದೂ ನಿನ್ನ ತಲಿ ಮ್ಯಾಲೆ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹೋದ ವರ್ಷ ನಾ ಕಟ್ಟಿದ ಬಡ್ಡಿ ದಂಡಾತಲ್ಲ!" ಅಂದ. ನಾವು ತಲೆ ತಗ್ಗಿಸಿದೆವು. ನಾವು ನೋಟೀಸು ಹಚ್ಚಿದ್ದೆವು, ತಿಳಿಸಿರಲಿಲ್ಲ.

ಆಮೇಲೆ ಹುಡುಗ ಅದನ್ನೇ ಬರೆದ. ಮೊದಲು ಒಂದು ಪುಟ ಆಯಿತು. ತಾಯಿಗೆ ಓದಿ ಹೇಳಿ, ಆಕೆ "ಹಂಗಂದ್ರೇನು?" ಎಂದು ಕೇಳಿದ ಶಬ್ದಗಳನ್ನೆಲ್ಲ ಹೊಡೆದು ಹಾಕಿದ. ಕೊನೆಗೆ ಉಳಿದದ್ದು ನಾಲ್ಕು ಸಾಲು. ಈಗ ಬೋರ್ಡಿನ ಮೇಲೆ ಇರುವುದು ಅದೇ. "ಪರೀಕ್ಷೆಯಲ್ಲಿ ಬರೆದಾಗ ತಿಳಿದಿದೆ ಅಂದುಕೊಂಡಿದ್ದೆ, ನಿಜವಾಗಿ ತಿಳಿದದ್ದು ಅಜ್ಜನಿಗೆ ಹೇಳುವಾಗ" ಎಂದು ಅವನೇ ನಮ್ಮ ಮುಂದೆ ಒಪ್ಪಿಕೊಂಡ.

ನಮ್ಮ ಕೋಗಳಿಗೆ ಇದು ಹೊಸದಲ್ಲ. ಇಲ್ಲಿನ ಬಸದಿಯನ್ನು ಗಂಗರ ಅರಸ ದುರ್ವಿನೀತ ಕಟ್ಟಿಸಿದನೆಂದು ಊರಿನ 1055ರ ಶಾಸನ ಹೇಳುತ್ತದೆ. ವ್ಯಾಕರಣ ಪಂಡಿತ ಪೂಜ್ಯಪಾದರು ಅವನ ಗುರುಗಳೆಂಬ ಪ್ರತೀತಿಯಿದೆ. 9ನೇ ಶತಮಾನದ ಕವಿರಾಜಮಾರ್ಗ ಹಳೆಯ ಕನ್ನಡ ಗದ್ಯ ಬರೆದವರಲ್ಲಿ ದುರ್ವಿನೀತನ ಹೆಸರನ್ನೂ ಹೇಳುತ್ತದೆ. ಆತ ಇವನೇ ಎಂದು ಅನೇಕ ವಿದ್ವಾಂಸರ ಮತ. ಅರಸನಾದವನೂ ಗುರುವಿನ ಮುಂದೆ ಕೂತು ಕಲಿತ, ಕಲಿತದ್ದನ್ನು ಬರೆದಿಟ್ಟ.

ಆದ್ದರಿಂದ ಮಕ್ಕಳೇ, ಸಂಘದ ಪ್ರತಿಯೊಂದು ನೋಟೀಸನ್ನು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಿ. ತಿಳಿಯದಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ, ನಿಮ್ಮ ಮಾತು ಬದಲಿಸಿ. ಸದಸ್ಯರೇ, ತಿಳಿಯದಿದ್ದರೆ ತಿಳೀಲಿಲ್ಲ ಅನ್ನಲು ನಾಚಬೇಡಿ. ಆ ಅಜ್ಜ ಅಂದದ್ದರಿಂದಲೇ ಹುಡುಗ ಕಲಿತ, ನಾವೂ ಕಲಿತೆವು.